ಮಳೆಯ ಲೆಕ್ಕ ತಪ್ಪಬಾರದು

ಹಿಂದಿನ ಕಾಲದ ಮಳೆ ಈಗೆಲ್ಲಿದೆ ಎಂಬ ಮಾತನ್ನು ನಮ್ಮ ನಾಡಿನ ಯಾವ ಊರಿನ ಜಗಲಿಯ ಮೇಲೆ ಕುಳಿತರೂ ಕೇಳಬಹುದು. ರೋಹಿಣಿ, ಮೃಗಶಿರ, ಆರಿದ್ರ ಮೊದಲಾದ ಮಳೆಗಳು ಹಿಂದೆ ತಮ್ಮ ತಮ್ಮ ಕಾಲಕ್ಕೆ ಬರುತ್ತಿದ್ದುವೆಂದೂ, ಹದವರಿತು ಸುರಿಯುತ್ತಿದ್ದುವೆಂದೂ, ಈಗ ಬಂದರೆ ಕೆರೆಯ ಏರಿ ಒಡೆಯುವಂತೆ ಬರುತ್ತವೆ, ಇಲ್ಲವಾದರೆ ವಾರಗಟ್ಟಲೆ ಮುಖವನ್ನೇ ತೋರಿಸುವುದಿಲ್ಲವೆಂದೂ ಹಿರಿಯರು ಹೇಳುತ್ತಾರೆ. ಈ ಮಾತು ನಿಜವೇ? ಆ ಹಿರಿಯರ ಹಿರಿಯರೂ ತಮ್ಮ ಕಾಲದಲ್ಲಿ ಇದೇ ಮಾತನ್ನು ಆಡಿರಬಹುದಲ್ಲವೇ? ಮನುಷ್ಯನ ನೆನಪು ಪ್ರವಾಹವನ್ನೂ ಬರಗಾಲವನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಾಧಾರಣವಾದ ವರ್ಷವನ್ನು ಬಲುಬೇಗ ಮರೆತುಬಿಡುತ್ತದೆ. ಹೀಗಿರಲು ನೆನಪನ್ನೇ ನಂಬಿ ಮಳೆ ಬದಲಾಯಿತೆಂದು ತೀರ್ಮಾನಿಸುವುದು ಹೇಗೆ? ಬದಲಾಗಿಲ್ಲವೆಂದು ಅವರ ಮಾತನ್ನು ತಳ್ಳಿಹಾಕುವುದಾದರೂ ಹೇಗೆ?

ಈ ವ್ಯಾಜ್ಯದಲ್ಲಿ ನಂಬತಕ್ಕ ಸಾಕ್ಷಿ ಒಂದೇ. ಅದು ತಾಲ್ಲೂಕು ಕಚೇರಿಯ ಅಂಗಳದಲ್ಲೋ, ಪ್ರವಾಸಿ ಬಂಗಲೆಯ ಮಗ್ಗುಲಲ್ಲೋ, ಕೃಷಿ ಕ್ಷೇತ್ರದ ಒಂದು ಮೂಲೆಯಲ್ಲೋ ನಿಂತಿರುವ ಮಳೆಮಾಪಕ. ಮತ್ತು ಪ್ರತಿದಿನ ಬೆಳಗ್ಗೆ ಎಂಟೂವರೆ ಗಂಟೆಗೆ ಅದರ ಬಳಿ ಬಗ್ಗಿ, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಿದ್ದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ವೀಕ್ಷಕ. ಈ ಕೆಲಸವನ್ನು ನಾವು ಬಹಳ ಕಾಲದಿಂದ ಅಗ್ಗವಾಗಿ ಕಂಡಿದ್ದೇವೆ. ವಾಯುಮಂಡಲವನ್ನು ಕುರಿತ ನಮ್ಮ ಜ್ಞಾನಕ್ಕೆಲ್ಲ ಆಧಾರವಾದದ್ದು ಈ ಬೇಸರದ ದಿನಚರಿ. ಅದನ್ನು ಕಾಪಾಡುವುದು ಸರ್ಕಾರದ್ದಷ್ಟೇ ಅಲ್ಲದೆ ಸಮಾಜದ ಕರ್ತವ್ಯವೂ ಹೌದೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇವೆ.

ಮಳೆಮಾಪಕವೆಂದರೆ ಬಹು ಸರಳವಾದ ಉಪಕರಣ. ಮೇಲೊಂದು ಆಲಿಕೆ, ಕೆಳಗೊಂದು ಪಾತ್ರೆ, ಜೊತೆಗೆ ಗೆರೆಯೆಳೆದ ಗಾಜಿನ ಅಳತೆಪಾತ್ರೆ, ಇಷ್ಟೇ. ಒಂದು ಮಿಲಿಮೀಟರು ಮಳೆಯಾಯಿತೆಂದರೆ, ಬಿದ್ದ ನೀರು ಹರಿಯದೆ ಇಂಗದೆ ಆವಿಯಾಗದೆ ಹಾಗೆಯೇ ನಿಂತಿದ್ದರೆ ನೆಲದ ಮೇಲೆ ಒಂದು ಮಿಲಿಮೀಟರು ಎತ್ತರಕ್ಕೆ ನಿಲ್ಲುತ್ತಿತ್ತೆಂದು ಅರ್ಥ. ಒಂದು ಚದರ ಮೀಟರು ನೆಲಕ್ಕೆ ಅದು ಒಂದು ಲೀಟರು. ಒಂದು ಎಕರೆಗೆ ಸುಮಾರು ೪,೦೦೦ ಲೀಟರು. ಇಂಥ ಅಳತೆಯ ಅಗತ್ಯವನ್ನು ಮನುಷ್ಯನು ಹಿಂದೆಯೇ ಕಂಡುಕೊಂಡಿದ್ದನು. ಉಗ್ರಾಣದ ಮುಂದೆ ಒಂದು ಅರತ್ನಿ ಅಗಲದ ಬಾಯುಳ್ಳ ಪಾತ್ರೆಯನ್ನು ಮಳೆಯ ಅಳತೆಗಾಗಿ ಇಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಯಾವ ಸೀಮೆಯಲ್ಲಿ ಎಷ್ಟು ದ್ರೋಣ ಮಳೆಯೆಂಬ ಲೆಕ್ಕವನ್ನೂ ಕೊಡುತ್ತದೆ. ಕೊರಿಯಾ ದೇಶದ ಅರಸರು ೧೪೪೧ರ ಸುಮಾರಿಗೆ ಒಂದೇ ಮಾದರಿಯ ಮಳೆಪಾತ್ರೆಗಳನ್ನು ಬಳಕೆಗೆ ತಂದರು. ಬಿತ್ತನೆಯೂ ಕಂದಾಯವೂ ಮಳೆಯನ್ನೇ ಅವಲಂಬಿಸಿದ್ದ ಕಡೆ ಮಳೆಯ ಲೆಕ್ಕ ಹುಟ್ಟಿದುದು ಸಹಜವೇ ಸರಿ.

ಉಪಕರಣ ಸರಳವಾದರೂ ಅದರ ನಿಯಮ ಕಠಿಣ. ಪಕ್ಕದಲ್ಲಿ ಮರವಾಗಲಿ ಗೋಡೆಯಾಗಲಿ ಇದ್ದರೆ, ಅದು ಮಾಪಕದಿಂದ ತನ್ನ ಎತ್ತರದ ಎರಡರಷ್ಟು ದೂರದಲ್ಲಾದರೂ ಇರಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ಈ ನಿಯಮವನ್ನು ಮೀರಿದರೆ ಏನಾಗುತ್ತದೆಂಬುದನ್ನು ಯೋಚಿಸಿ ನೋಡೋಣ. ಮಾಪಕದ ಬಳಿ ನೆಟ್ಟ ಒಂದು ಸಸಿ ಇಪ್ಪತ್ತು ವರ್ಷಗಳಲ್ಲಿ ಹೆಮ್ಮರವಾಗಿ ಬೆಳೆಯುತ್ತದೆ. ಓರೆಯಾಗಿ ಬೀಸುವ ಮಳೆಯನ್ನು ಅದು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚಾಗಿ ತಡೆಯುತ್ತದೆ. ಪುಸ್ತಕದಲ್ಲಿ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಮುಗಿಲಿನಲ್ಲಿ ಮಾತ್ರ ಯಾವ ಬದಲಾವಣೆಯೂ ಆಗಿರುವುದಿಲ್ಲ. ಹೀಗೆಯೇ ಮಾಪಕವನ್ನು ಯಾರಿಗೂ ತಿಳಿಸದೆ ಅಂಗಳದಿಂದ ತಾರಸಿಗೆ ಸಾಗಿಸಿದರೆ, ಅಲ್ಲಿಯ ಬಿರುಸಾದ ಗಾಳಿಗೆ ಹನಿಗಳು ಆಲಿಕೆಯಾಚೆ ಹಾರಿ ಹೋಗಿ, ಒಂದೇ ದಿನದಲ್ಲಿ ಆ ಊರಿನ ಹವೆ ಬದಲಾದಂತೆ ತೋರುತ್ತದೆ. ತಪ್ಪಾದ ಅಳತೆ ಅಳತೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿಕರ. ಏಕೆಂದರೆ ಇಲ್ಲದ ಅಳತೆಯನ್ನು ಯಾರೂ ನಂಬುವುದಿಲ್ಲ, ತಪ್ಪು ಅಳತೆಯನ್ನು ಎಲ್ಲರೂ ನಂಬುತ್ತಾರೆ. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿ, ೧೯೪೮ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದ ಅಣ್ಣಾ ಮಣಿ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಹವಾಮಾನದ ಉಪಕರಣಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸುವುದಕ್ಕೂ, ಅವೆಲ್ಲ ಒಂದೇ ಪ್ರಮಾಣಕ್ಕೆ ಹೊಂದುವಂತೆ ಮಾಡುವುದಕ್ಕೂ ಮುಡಿಪಾಗಿಟ್ಟರು. ಅದರ ಹಿಂದಿನ ವಿವೇಕವೂ ಇದೇ.

ಇನ್ನು ಜಗಲಿಯ ಮೇಲಿನ ಪ್ರಶ್ನೆಗೆ ಬರೋಣ. ೨೦೦೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ಎನ್. ಗೋಸ್ವಾಮಿ ಅವರೂ ಅವರ ಸಂಗಡಿಗರೂ ಮಧ್ಯಭಾರತದ ಮಳೆಯನ್ನು ಕುರಿತು ಒಂದು ಮುಖ್ಯವಾದ ಸಂಗತಿಯನ್ನು ಪ್ರಕಟಿಸಿದರು. ೧೯೫೧ರಿಂದ ೨೦೦೦ದ ವರೆಗಿನ ಐವತ್ತು ವರ್ಷಗಳಲ್ಲಿ ಅಲ್ಲಿಯ ಮುಂಗಾರಿನ ಒಟ್ಟು ಮಳೆಯಲ್ಲಿ ಗಮನಾರ್ಹವಾದ ಏರಿಳಿತವಿಲ್ಲ. ಆದರೆ ಒಂದು ದಿನದಲ್ಲಿ ನೂರು ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಭಾರಿ ಮಳೆಯ ಸಂದರ್ಭಗಳು ಹೆಚ್ಚಿವೆ. ಹದವಾದ ಮಳೆಯ ಸಂದರ್ಭಗಳು ಕಡಿಮೆಯಾಗಿವೆ. ಅಂದರೆ ಮೊತ್ತ ಅಷ್ಟೇ ಇದ್ದು, ಮಳೆ ಸುರಿಯುವ ರೀತಿ ಬದಲಾಗಿದೆ. ನಮ್ಮ ಹಿರಿಯರ ಮಾತಿಗೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರು ಗಮನಿಸಬೇಕು. ಒಂದು ಸೀಮೆಯಲ್ಲಿ ಕಂಡದ್ದು ಎಲ್ಲ ಸೀಮೆಗೂ ಸಲ್ಲುವುದಿಲ್ಲವಾದರೂ, ಇಂಥ ಬದಲಾವಣೆ ವರ್ಷದ ಮೊತ್ತವನ್ನಷ್ಟೇ ಬರೆದಿಟ್ಟಿದ್ದರೆ ಎಂದಿಗೂ ಕಣ್ಣಿಗೆ ಬೀಳುತ್ತಿರಲಿಲ್ಲ. ದಿನದಿನದ ಲೆಕ್ಕ ಇದ್ದುದರಿಂದಲೇ ಅದು ಗೋಚರವಾಯಿತು.

ಈ ಬಗೆಯ ಅಧ್ಯಯನಗಳಿಗೆ ಆಧಾರವಾದ ಅಂಕಿಗಳ ಕಥೆಯನ್ನೂ ಕೇಳಬೇಕು. ಹವಾಮಾನ ಇಲಾಖೆಯ ವಿಜ್ಞಾನಿಗಳು ೧೯೫೧ರಿಂದ ಮುಂದಿನ ದಿನವಹಿ ಮಳೆಯ ನಕ್ಷೆಯನ್ನು ಸಿದ್ಧಪಡಿಸಲು ಹೊರಟಾಗ ಅವರ ಮುಂದೆ ದೇಶದ ೬,೩೨೯ ಕೇಂದ್ರಗಳ ದಾಖಲೆಯಿತ್ತು. ನೂರು ದಿನಗಳಲ್ಲಿ ತೊಂಬತ್ತು ದಿನಗಳ ಅಳತೆಯಾದರೂ ಇರಲೇಬೇಕೆಂಬ ಒರೆಗೆ ಹಚ್ಚಿದಾಗ ಅವುಗಳಲ್ಲಿ ನಿಂತವು ೧,೮೦೩ ಕೇಂದ್ರಗಳು ಮಾತ್ರ. ನೂರಕ್ಕೆ ಎಪ್ಪತ್ತು ಕೇಂದ್ರಗಳನ್ನು ಬದಿಗಿಡಬೇಕಾಯಿತು. ಎಲ್ಲಿಯೋ ಒಂದು ಪುಟ ಹರಿದಿತ್ತು, ಎಲ್ಲಿಯೋ ವೀಕ್ಷಕನ ಸ್ಥಾನ ಖಾಲಿಯಿತ್ತು, ಎಲ್ಲಿಯೋ ಒಡೆದ ಗಾಜಿಗೆ ಬದಲು ಗಾಜು ಬಂದಿರಲಿಲ್ಲ. ಇಂಥ ಸಣ್ಣ ಕಾರಣಗಳೇ ಸಾಕು, ಅರ್ಧ ಶತಮಾನದ ದುಡಿಮೆ ನಿರುಪಯುಕ್ತವಾಗುವುದಕ್ಕೆ.

ಅಳತೆಯ ಸಾಲು ದೀರ್ಘವಾಗಿದ್ದರೆ ಅದರಿಂದ ಯಾವ ಫಲ ದೊರೆತೀತೆಂಬುದನ್ನು ಅಳೆಯುವವನು ಮುಂಗಾಣಲಾರನು. ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಉಜ್ಜ್ವಲ ನಿದರ್ಶನ ಉಂಟು. ೧೮೭೫ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಗುವ ಮುನ್ನ ಪ್ರಾಂತ ಪ್ರಾಂತಗಳಲ್ಲಿ ಅಳತೆಗಳು ಬೇರೆಬೇರೆಯಾಗಿ ನಡೆಯುತ್ತಿದ್ದುವು. ಎಚ್. ಎಫ್. ಬ್ಲಾನ್‌ಫರ್ಡ್ ಅವರ ಕೈಕೆಳಗೆ ಅವೆಲ್ಲ ಒಂದು ಪದ್ಧತಿಗೆ ಬಂದುವು. ಅದರ ಬೆನ್ನಲ್ಲೇ, ೧೮೭೬ರಿಂದ ೧೮೭೮ರ ವರೆಗೆ, ದಕ್ಷಿಣ ಭಾರತವನ್ನು ಘೋರ ಕ್ಷಾಮ ಬಡಿಯಿತು. ಮೈಸೂರು ಸಂಸ್ಥಾನದಲ್ಲಿ ೧೮೭೧ರ ಜನಗಣತಿಯಂತೆ ಐವತ್ತು ಲಕ್ಷಕ್ಕೆ ಮಿಕ್ಕಿದ್ದ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷದ ಸುಮಾರಿಗೆ ಇಳಿದಿತ್ತು. ಮುಂಗಾರು ಏಕೆ ಕೈಕೊಡುತ್ತದೆ ಎಂಬ ಪ್ರಶ್ನೆ ಅಂದಿನಿಂದ ಜೀವನ್ಮರಣದ ಪ್ರಶ್ನೆಯಾಯಿತು.

೧೯೦೪ರಲ್ಲಿ ಇಲಾಖೆಯ ಮುಖ್ಯಾಧಿಕಾರಿಯಾದ ಗಿಲ್ಬರ್ಟ್ ವಾಕರ್ ಅವರು ಕೇಂಬ್ರಿಜ್ಜಿನ ಗಣಿತಜ್ಞರು. ಹವಾಮಾನದ ಕೆಲಸಕ್ಕೆ ಹೊಸಬರು. ಅವರು ಮಾಡಿದ್ದಿಷ್ಟೇ: ಲೋಕದ ನಾನಾ ಕೇಂದ್ರಗಳಲ್ಲಿ ದಶಕಗಳ ಕಾಲ ಬರೆದಿಟ್ಟ ವಾಯುಭಾರ, ಉಷ್ಣತೆ, ಮಳೆಗಳ ಅಂಕಿಗಳನ್ನು ತರಿಸಿಕೊಂಡು, ಇಲಾಖೆಯ ಭಾರತೀಯ ಗುಮಾಸ್ತರ ನೆರವಿನಿಂದ ಒಂದರೊಡನೊಂದನ್ನು ಹೋಲಿಸಿ ನೋಡಿದರು. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಈ ಲೆಕ್ಕಗಳೆಲ್ಲ ಕೈಯಿಂದಲೇ ಆಗಬೇಕಾಗಿತ್ತು. ಕೊನೆಗೆ ೧೯೨೦ರ ದಶಕದ ಮೊದಲಲ್ಲಿ ಅವರಿಗೆ ಕಂಡದ್ದು ಒಂದು ಅದ್ಭುತವಾದ ತೂಗಾಟ. ಶಾಂತಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ. ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಇದನ್ನು ಅವರು ದಕ್ಷಿಣದ ಆಂದೋಲನವೆಂದು ಕರೆದರು. ಅಂದು ಅನೇಕರು ಇದನ್ನು ಸಂದೇಹದಿಂದಲೇ ನೋಡಿದರು. ೧೯೬೯ರಲ್ಲಿ ಯಾಕೋಬ್ ಬ್ಯರ್ಕ್ನೆಸ್ ಅವರು ಈ ಆಂದೋಲನಕ್ಕೂ ಶಾಂತಸಾಗರದ ನೀರು ಬಿಸಿಯೇರುವ ‘ಎಲ್ ನಿನ್ಯೊ’ ವಿದ್ಯಮಾನಕ್ಕೂ ಇರುವ ನಂಟನ್ನು ವಿವರಿಸಿದ ಮೇಲೆ ವಾಕರರ ಕಾಣ್ಕೆಯ ಬೆಲೆ ಲೋಕಕ್ಕೆ ತಿಳಿಯಿತು. ಇಂದು ಮುಂಗಾರಿನ ಮುನ್ಸೂಚನೆಯಲ್ಲಿ ಅದನ್ನು ಬಿಟ್ಟು ಮಾತಾಡುವಂತೆಯೇ ಇಲ್ಲ. ಆದರೆ ಯಾವುದೋ ದೂರದ ಬಂದರಿನಲ್ಲಿ ವಾಯುಭಾರಮಾಪಕವನ್ನು ಓದಿ ಅಂಕಿಯನ್ನು ಬರೆದಿಟ್ಟವನಿಗೆ, ತಾನು ಭಾರತದ ರೈತನ ಪ್ರಶ್ನೆಗೆ ಉತ್ತರವನ್ನು ಬರೆಯುತ್ತಿದ್ದೇನೆಂಬ ಅರಿವು ಇದ್ದಿತೇ?

ಇಂಥ ದಿನಚರಿಯ ಕೆಲಸವನ್ನು ವಿಜ್ಞಾನಿಗಳ ಸಮಾಜವೂ ಕೆಲವೊಮ್ಮೆ ಕೀಳಾಗಿ ಕಂಡಿರುವುದುಂಟು. ೧೯೫೮ರಲ್ಲಿ, ಅಂತರರಾಷ್ಟ್ರೀಯ ಭೂಭೌತ ವರ್ಷದ ಅಂಗವಾಗಿ, ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ವಾಯುವಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದರು. ಆಗ ಅದು ಹತ್ತು ಲಕ್ಷ ಪಾಲಿನಲ್ಲಿ ೩೧೫ರ ಆಸುಪಾಸಿನಲ್ಲಿತ್ತು. ಕೆಲವೇ ವರ್ಷಗಳಲ್ಲಿ ಇದು ಸಂಶೋಧನೆಯಲ್ಲ, ಬರಿಯ ರೂಢಿಯ ಕೆಲಸವೆಂಬ ಆಕ್ಷೇಪಣೆ ಹುಟ್ಟಿತು. ಹಣದ ಅಭಾವದಿಂದ ೧೯೬೪ರಲ್ಲಿ ಕೆಲವು ತಿಂಗಳು ಅಳತೆ ನಿಂತೂ ಹೋಯಿತು. ಕೀಲಿಂಗ್ ಅವರು ಹಟ ಹಿಡಿದು ಅದನ್ನು ಉಳಿಸಿಕೊಂಡರು. ಈಗ ಆ ಅಂಕಿ ೪೨೦ನ್ನು ಮೀರಿದೆ. ಮನುಷ್ಯನು ವಾಯುಮಂಡಲವನ್ನು ಬದಲಿಸುತ್ತಿದ್ದಾನೆಂಬುದಕ್ಕೆ ಅವರ ಆ ಏರುಗೆರೆಗಿಂತ ಸ್ಪಷ್ಟವಾದ ರುಜುವಾತು ಮತ್ತೊಂದಿಲ್ಲ. ಆದರೆ ೧೯೬೪ರ ಆ ಕೆಲವು ತಿಂಗಳುಗಳ ಜಾಗದಲ್ಲಿ ಗೆರೆ ಇಂದಿಗೂ ತುಂಡಾಗಿಯೇ ಇದೆ.

ಅಂಟಾರ್ಕ್ಟಿಕದ ಹ್ಯಾಲಿ ಕೇಂದ್ರದ ಕಥೆಯೂ ಇಂಥದೇ. ಅದೇ ಭೂಭೌತ ವರ್ಷದ ಸುಮಾರಿನಲ್ಲಿ ಅಲ್ಲಿ ಓಜೋನನ್ನು ಅಳೆಯುವ ಕಾರ್ಯ ಮೊದಲಾಯಿತು. ಕಾಲು ಶತಮಾನದ ಕಾಲ ಅದರಿಂದ ಹೇಳಿಕೊಳ್ಳುವಂಥ ಸುದ್ದಿಯೇನೂ ಬರಲಿಲ್ಲ. ೧೯೮೫ರಲ್ಲಿ ಜೋಸೆಫ್ ಫಾರ್ಮನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಅಲ್ಲಿಯ ವಸಂತಕಾಲದ ಓಜೋನು ಮೊದಲಿಗಿಂತ ಬಹಳವಾಗಿ ಕುಸಿದಿದೆಯೆಂದು ತೋರಿಸಿದರು. ಆಗ ಉಪಗ್ರಹವೂ ಮೇಲೆ ಹಾರಾಡುತ್ತಿತ್ತು. ಆದರೆ ಅತ್ಯಲ್ಪವಾದ ಆ ಅಂಕಿಗಳನ್ನು ಅದರ ಲೆಕ್ಕಾಚಾರದ ವ್ಯವಸ್ಥೆ ಸಂಶಯಾಸ್ಪದವೆಂದು ಗುರುತು ಹಾಕಿ ಬದಿಗಿಟ್ಟಿತ್ತು. ಹಳೆಯ ಸಾಲು ಇದ್ದುದರಿಂದಲೇ ಹೊಸ ಅಂಕಿ ಅಚ್ಚರಿಯದೆಂದು ಗೊತ್ತಾಯಿತು. ಎರಡೇ ವರ್ಷಗಳಲ್ಲಿ, ೧೯೮೭ರಲ್ಲಿ, ಓಜೋನನ್ನು ಹಾಳುಮಾಡುವ ರಾಸಾಯನಿಕಗಳನ್ನು ಹತೋಟಿಗೆ ತರುವ ಮಾಂಟ್ರಿಯಲ್ ಒಪ್ಪಂದಕ್ಕೆ ರಾಷ್ಟ್ರಗಳು ಸಹಿ ಹಾಕಿದುವು.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪಣೆ ಉಳಿಯುತ್ತದೆ. ಉಪಗ್ರಹಗಳಿವೆ, ರೇಡಾರುಗಳಿವೆ, ತಾವಾಗಿಯೇ ಅಳೆದು ಅಂಕಿಯನ್ನು ಕಳುಹಿಸುವ ಸ್ವಯಂಚಾಲಿತ ಮಳೆಮಾಪಕಗಳಿವೆ. ಹೀಗಿರುವಾಗ ಗಾಜಿನ ಪಾತ್ರೆ ಹಿಡಿದು ನಿಲ್ಲುವ ಮನುಷ್ಯನೇಕೆ? ಇದು ತಳ್ಳಿಹಾಕತಕ್ಕ ಮಾತಲ್ಲ. ಉಪಗ್ರಹ ಸಮುದ್ರದ ಮೇಲೂ ಕಾಡಿನ ಮೇಲೂ ನೋಡುತ್ತದೆ. ಮಾಪಕ ತಾನಿರುವ ಒಂದು ಗೇಣು ಜಾಗವನ್ನು ಮಾತ್ರ ಬಲ್ಲದು. ಆದರೆ ಉಪಗ್ರಹ ಮಳೆಯನ್ನು ಮುಟ್ಟುವುದಿಲ್ಲ. ಮೋಡಗಳಿಂದಲೂ ಹನಿಗಳಿಂದಲೂ ಬರುವ ವಿಕಿರಣವನ್ನು ಅಳೆದು, ಇಷ್ಟು ಮಳೆಯಾಗಿರಬೇಕೆಂದು ಅಂದಾಜು ಕಟ್ಟುತ್ತದೆ. ರೇಡಾರು ಮಾಡುವುದೂ ಅದೇ ಬಗೆಯ ಅಂದಾಜು. ಆ ಅಂದಾಜು ಸರಿಯೇ ಎಂದು ತಾಳೆ ನೋಡುವುದು ನೆಲದ ಮೇಲಿನ ಮಾಪಕದೊಡನೆಯೇ. ಇನ್ನು ಸ್ವಯಂಚಾಲಿತ ಮಾಪಕಗಳನ್ನು ನಾವು ಸ್ವಾಗತಿಸುತ್ತೇವೆ. ರಾತ್ರಿ ಎಷ್ಟು ಹೊತ್ತಿಗೆ ಎಷ್ಟು ಸುರಿಯಿತೆಂಬುದನ್ನು ಹೇಳಬಲ್ಲವು ಅವೇ. ಆದರೆ ಅವುಗಳೊಳಗಿನ ಪುಟ್ಟ ತೊಟ್ಟಿಲು ತುಂಬಿ ಮಗುಚುವ ಕ್ಷಣದಲ್ಲಿ ಜಡಿಮಳೆಯ ಒಂದಷ್ಟು ನೀರು ಲೆಕ್ಕ ತಪ್ಪಿ ಹೋಗುತ್ತದೆ. ಆಲಿಕೆಯಲ್ಲಿ ಎಲೆ ಸಿಕ್ಕಿದರೂ, ಜೇಡ ಬಲೆ ಕಟ್ಟಿದರೂ, ಬ್ಯಾಟರಿ ಸೋತರೂ ಅವು ಮೌನವಾಗುತ್ತವೆ, ಇಲ್ಲವೆ ಸುಳ್ಳು ಹೇಳುತ್ತವೆ. ಆಗ ಹೋಗಿ ನೋಡುವ ಮನುಷ್ಯನು ಬೇಕೇ ಬೇಕು. ಯಂತ್ರ ಬಂದಿತೆಂದು ಮನುಷ್ಯನನ್ನು ಕಳುಹಿಸಿಕೊಡುವುದು, ಗಡಿಯಾರ ತಂದೆವೆಂದು ಕೀಲಿ ಕೊಡುವವನನ್ನು ಬಿಡಿಸಿದಂತೆ.

ಕರ್ನಾಟಕದಲ್ಲಂತೂ ಈ ವಿಷಯ ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ ಇನ್ನೂರು ಕಿಲೋಮೀಟರಿನ ಸುಮಾರಿನಲ್ಲಿರುವ ಚಳ್ಳಕೆರೆಯಲ್ಲಿ ಐನೂರು ಮಿಲಿಮೀಟರಿನ ಆಸುಪಾಸು. ಘಟ್ಟದ ಒಂದು ಮಗ್ಗುಲಿನ ಅಳತೆ ಇನ್ನೊಂದು ಮಗ್ಗುಲಿಗೆ ಸಲ್ಲದು. ಆದುದರಿಂದಲೇ ಹೋಬಳಿ ಹೋಬಳಿಗೂ, ಆ ಮೇಲೆ ಗ್ರಾಮ ಪಂಚಾಯತಿಗಳಿಗೂ ನಮ್ಮ ರಾಜ್ಯ ಸ್ವಯಂಚಾಲಿತ ಮಾಪಕಗಳನ್ನು ಹಾಕಿಸಿತು; ಇದು ಮೆಚ್ಚತಕ್ಕ ಕೆಲಸ. ಹವಾಮಾನವನ್ನು ಆಧರಿಸಿದ ಬೆಳೆವಿಮೆಯಲ್ಲಿ ಅಡಕೆ, ಕಾಳುಮೆಣಸು ಮುಂತಾದ ಬೆಳೆಗಳನ್ನು ಬೆಳೆಯುವವರಿಗೆ ಪರಿಹಾರ ಸಿಗುವುದೂ ಬಿಡುವುದೂ ಮಾಪಕದ ಅಂಕಿಯ ಮೇಲೆಯೇ ನಿಂತಿದೆ. ತೋಟದಲ್ಲಿ ಕೊಳೆರೋಗ ಹರಡಿ ಕಾಯಿ ಉದುರಿದ್ದರೂ, ಮಾಪಕ ಕೆಟ್ಟು ಮಳೆಯನ್ನು ಕಡಿಮೆ ತೋರಿಸಿದರೆ ಕಾಗದದ ಮೇಲೆ ನಷ್ಟವೇ ಆಗಿರುವುದಿಲ್ಲ. ಒಂದು ಮುಚ್ಚಿಹೋದ ಆಲಿಕೆ ಒಂದು ಊರಿನ ವರ್ಷದ ಅನ್ನವನ್ನು ಕಸಿಯಬಲ್ಲದು.

ನಮ್ಮಲ್ಲಿ ಇನ್ನೊಂದು ನಿಧಿಯಿದೆ. ಅದರತ್ತ ಹೆಚ್ಚು ಜನರ ಗಮನ ಹರಿದಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಅನೇಕ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು ಸೆಂಟುಗಳ ಲೆಕ್ಕದಲ್ಲಿ ದಿನದಿನವೂ ಬರೆದಿಡುವ ರೂಢಿ ತಲೆಮಾರುಗಳಿಂದ ನಡೆದು ಬಂದಿದೆ. ಹೂಮಳೆ ಯಾವ ದಿನ ಬಂದಿತು, ಎಷ್ಟು ಸೆಂಟು ಬಂದಿತೆಂಬುದರ ಮೇಲೆ ಆ ವರ್ಷದ ಫಸಲು ನಿಂತಿರುವುದರಿಂದ, ಅಲ್ಲಿಯ ಬೆಳೆಗಾರರು ಯಾರ ಒತ್ತಾಯವೂ ಇಲ್ಲದೆ ವೀಕ್ಷಕರಾದರು. ಆ ಪುಸ್ತಕಗಳಲ್ಲಿ ಎಷ್ಟೋ ಇಂದು ಹಳೆಯ ಕಪಾಟುಗಳಲ್ಲಿ ಗೆದ್ದಲಿಗಾಗಿ ಕಾದಿರಬಹುದು. ತೋಟ ಕೈ ಬದಲಾದಾಗ ಮೊದಲು ರದ್ದಿಗೆ ಹೋಗುವುದು ಇಂಥ ಪುಸ್ತಕವೇ.

ಆಗಬೇಕಾದುದೇನೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲನೆಯದಾಗಿ, ಐವತ್ತು ವರ್ಷಕ್ಕೆ ಮಿಕ್ಕಿ ಅಳತೆ ನಡೆದಿರುವ ಕೇಂದ್ರಗಳ ಅಂಗಳವನ್ನು ಹಳೆಯ ದೇವಾಲಯಗಳಂತೆ, ಶಾಸನಗಳಂತೆ ರಕ್ಷಿತ ಸ್ಥಳವೆಂದು ಸಾರಬೇಕು. ಅದರ ಸುತ್ತ ಕಟ್ಟಡವೆದ್ದು ಗಾಳಿಯನ್ನೂ ಮಳೆಯನ್ನೂ ಮರೆಮಾಡಬಾರದು. ಎರಡನೆಯದಾಗಿ, ಎಲ್ಲಿಯೇ ಆಗಲಿ ಉಪಕರಣವನ್ನು ಬದಲಿಸುವಾಗ ಹಳೆಯದೂ ಹೊಸದೂ ಕೆಲವು ವರ್ಷಗಳಾದರೂ ಅಕ್ಕಪಕ್ಕದಲ್ಲಿ ನಡೆಯಬೇಕು. ಆಗ ಮಾತ್ರ ಎರಡರ ಅಂಕಿಗಳನ್ನು ಒಂದು ಸಾಲಿನಲ್ಲಿ ಪೋಣಿಸಲು ಬರುತ್ತದೆ. ಮೂರನೆಯದಾಗಿ, ಕಚೇರಿಗಳಲ್ಲಿಯೂ ತೋಟಗಳಲ್ಲಿಯೂ ಇರುವ ಹಳೆಯ ಮಳೆಪುಸ್ತಕಗಳ ಪ್ರತಿ ತೆಗೆದು, ಯಾರು ಬೇಕಾದರೂ ಬೆಲೆಯಿಲ್ಲದೆ ನೋಡುವಂತೆ ಮಾಡಬೇಕು. ಜನರ ಹಣದಿಂದ ಅಳೆದ ಮಳೆ ಜನರದೇ. ನಾಲ್ಕನೆಯದಾಗಿ, ವೀಕ್ಷಕನಿಗೆ ತಕ್ಕ ತರಬೇತಿಯೂ ಸಂಭಾವನೆಯೂ ದೊರೆಯಬೇಕು. ಬೇರೆ ಹತ್ತು ಕೆಲಸಗಳ ನಡುವೆ ಹನ್ನೊಂದನೆಯದಾಗಿ ಮಳೆಯನ್ನು ಅಳೆಯಲು ಹೇಳಿದರೆ, ಬಿರುಮಳೆಯ ಬೆಳಗ್ಗೆ ಅವನು ಕಿಟಕಿಯಿಂದಲೇ ಅಂದಾಜು ಬರೆದರೆ ತಪ್ಪು ಯಾರದು?

ಶಾಲೆಗಳನ್ನು ಕುರಿತು ಒಂದು ಮಾತು. ಪ್ರತಿ ಪ್ರೌಢಶಾಲೆಯೂ ಒಂದು ಮಳೆಮಾಪಕವನ್ನಿಟ್ಟು, ಮಕ್ಕಳು ಸರದಿಯಂತೆ ಅಳೆದು ಗೋಡೆಯ ಮೇಲಿನ ಹಲಗೆಯಲ್ಲಿ ಬರೆಯುವಂತೆ ಮಾಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ರಜೆಯ ದಿನಗಳಲ್ಲಿ ಯಾರು ಅಳೆಯಬೇಕೆಂಬ ತೊಡಕನ್ನು ಬಿಡಿಸುವುದರಲ್ಲಿಯೇ ಮಕ್ಕಳು ವಿಜ್ಞಾನದ ಮೊದಲ ಪಾಠವನ್ನು ಕಲಿತಾರು. ಮಳೆ ಬಾರದ ದಿನವೂ ಸೊನ್ನೆಯೆಂದು ಬರೆಯಬೇಕು. ಏನೂ ಬರೆಯದಿರುವುದಕ್ಕೂ ಸೊನ್ನೆ ಬರೆಯುವುದಕ್ಕೂ ಬಹಳ ಅಂತರವಿದೆ ಎಂಬ ಅರಿವು ಆ ವಯಸ್ಸಿನಲ್ಲಿಯೇ ಮನಸ್ಸಿಗೆ ಇಳಿದರೆ ಅದು ಬಾಳಿನುದ್ದಕ್ಕೂ ಉಳಿಯುತ್ತದೆ.

ಪ್ರಯೋಗಶಾಲೆಯಲ್ಲಿ ಕೆಟ್ಟ ಪ್ರಯೋಗವನ್ನು ನಾಳೆ ಮತ್ತೆ ಮಾಡಬಹುದು. ವಾಯುಮಂಡಲದಲ್ಲಿ ಆ ಸೌಕರ್ಯವಿಲ್ಲ. ಇಂದಿನ ಮಳೆಯನ್ನು ನಾಳೆ ಅಳೆಯಲು ಯಾವ ಜಾಣನಿಂದಲೂ ಯಾವ ಧನಿಕನಿಂದಲೂ ಆಗದು. ನಮ್ಮ ವಾಚಕರಲ್ಲಿ ತೋಟಗಾರರಿದ್ದರೆ ತಮ್ಮ ಮನೆಯ ಹಳೆಯ ಮಳೆಪುಸ್ತಕವನ್ನು ಹುಡುಕಿ ತೆಗೆದು ಅದರದೊಂದು ಪ್ರತಿ ಮಾಡಿಸಲಿ. ಉಪಾಧ್ಯಾಯರಿದ್ದರೆ ಶಾಲೆಯ ಅಂಗಳದಲ್ಲಿ ಮಾಪಕಕ್ಕೆ ಜಾಗ ಗೊತ್ತುಮಾಡಲಿ. ಉಳಿದವರು ತಮ್ಮ ಊರಿನ ಮಾಪಕ ಎಲ್ಲಿದೆ, ಅದರ ಮೇಲೆ ಯಾವ ಕೊಂಬೆ ಚಾಚಿಕೊಂಡಿದೆ ಎಂಬುದನ್ನು ಒಮ್ಮೆ ಹೋಗಿ ನೋಡಿ ಬರಲಿ. ಮುಂದಿನ ಮುಂಗಾರು ಬರುವುದರೊಳಗಾಗಿ ಇಷ್ಟು ನಡೆದರೆ, ಐವತ್ತು ವರ್ಷಗಳ ಮೇಲೆ ಜಗಲಿಯ ಮೇಲೆ ಕುಳಿತು ಮಳೆಯ ಮಾತಾಡುವವರಿಗೆ ನೆನಪಿನ ಜೊತೆಗೆ ಲೆಕ್ಕವೂ ಇರುತ್ತದೆ.